ಪೇಪರ್ ಮೂನ್ (1973): ಆ ಚಿಲ್ಲರೆ ಲೆಕ್ಕದಲ್ಲಿ ದುಡ್ಡು ಹೋಗೋದು ಎಲ್ಲಿ? ಆಕಾಶ ಯಾಕೆ ಅಷ್ಟು ಕಪ್ಪು?

ಅರ್ಧಟಿಕೆಟ್ ಕೇಳಿದ್ದು:

ಬರುವ ತಿಂಗಳು ನಮ್ಮ ಬಡಾವಣೆಯ ಚಿತ್ರಕೂಟದಲ್ಲಿ ಪೀಟರ್ ಬಾಗ್ಡನೋವಿಚ್ ಅವರ ‘ಪೇಪರ್ ಮೂನ್’ ಹಾಕ್ತಿದ್ದೀವಿ. ಸಿನಿಮಾ ಆದಮೇಲೆ ಅರ್ಧ ಗಂಟೆ ಚರ್ಚೆ ಇರುತ್ತೆ, ಪ್ರಶ್ನೆಗಳು ನನ್ನ ಕಡೆಗೇ ಬರೋದು. ಅದಕ್ಕೆ ಮೊದಲೇ ಇಲ್ಲಿ ಕೇಳಿಬಿಡ್ತೀನಿ.

ಮೊದಲನೇದು ಮತ್ತು ಮುಖ್ಯವಾದದ್ದು, ಊರೂರು ಸುತ್ತಿ ಮೋಸ ಮಾಡೋ ಮೋಸೆಸ್ ಪ್ರೇ ಅಂಗಡಿಯಲ್ಲಿ ನೋಟು ಬದಲಾಯಿಸ್ತಾ ಬದಲಾಯಿಸ್ತಾ ಗಲ್ಲಾದ ಹೆಂಗಸಿಗೆ ಟೋಪಿ ಹಾಕೋ ದೃಶ್ಯ. ಎಷ್ಟು ಸಲ ಹಿಂದಕ್ಕೆ ಹಾಕಿ ನೋಡಿದರೂ ದುಡ್ಡು ಯಾವ ಕ್ಷಣದಲ್ಲಿ ಹೋಯ್ತು ಅನ್ನೋದು ಸಿಗ್ತಿಲ್ಲ. ಹಾಗೇ 20 ಡಾಲರ್ ನೋಟಿನ ಮೇಲೆ ಬರೆದ ಹುಟ್ಟುಹಬ್ಬದ ಶುಭಾಶಯದ ಆಟ. ಅದು ಅರ್ಥ ಆಗುತ್ತೆ, ಆದರೆ ಒಟ್ಟು ಲಾಭ ಎಷ್ಟು ಅನ್ನೋದರಲ್ಲಿ ತಲೆ ಕೆಡುತ್ತೆ.

ಎರಡನೇದು ಛಾಯಾಗ್ರಹಣ. ನಡುಹಗಲ ಬಿಸಿಲಲ್ಲೂ ಆಕಾಶ ಸ್ಲೇಟಿನ ಹಾಗೆ ಕಾಣುತ್ತೆ, ಮೋಡ ಮಾತ್ರ ಬೆಳ್ಳಗೆ. ಕೆಂಪು ಫಿಲ್ಟರ್ ಅಂತಾರೆ. ಅಷ್ಟೇನಾ? ನಮ್ಮಲ್ಲಿ ಇಬ್ಬರು ಹುಡುಗರು ಅದೇ ಥರ ಒಂದು ಕಿರುಚಿತ್ರ ತೆಗೀಬೇಕು ಅಂತ ಹೊರಟಿದ್ದಾರೆ, ಅವರಿಗೂ ಉಪಯೋಗ ಆಗಲಿ.

ಮೂರನೇದು ಒಂದು ಸಂಶಯ. ಕತೆ ನಡೆಯೋದು 1930ರ ದಶಕದ ಮಧ್ಯದಲ್ಲಿ. ಅಮೆರಿಕದಲ್ಲಿ ಪಾನನಿಷೇಧ 1933ಕ್ಕೇ ಮುಗೀತಲ್ಲ, ಮತ್ತೆ ಕಳ್ಳಸಾರಾಯಿ ವ್ಯಾಪಾರಿ ಯಾಕೆ ಬರ್ತಾನೆ? ನಿರ್ದೇಶಕರ ತಪ್ಪಾ?

---

ಲೆಕ್ಕದ ಮೇಷ್ಟ್ರು:

ಚಿಲ್ಲರೆ ಆಟದ್ದು ನಾನು ಹೇಳ್ತೀನಿ. ಸಿನಿಮಾದ ಮಾತುಗಳನ್ನು ಬಿಡಿ, ಅವು ಇರೋದೇ ನಮ್ಮನ್ನು ದಾರಿ ತಪ್ಪಿಸೋದಕ್ಕೆ. ಒಂದು ಹಾಳೆ ತಗೊಂಡು ಬರೀ ಜೇಬಿನ ಲೆಕ್ಕ ಬರೀರಿ. ಸಾಮಾನಿನ ಬೆಲೆ ಸುಲಭಕ್ಕೆ 25 ಸೆಂಟ್ ಅಂತ ಇಟ್ಟುಕೊಂಡಿದ್ದೀನಿ.

ಗಿರಾಕಿ ಒಳಗೆ ಬಂದಾಗ ಅವನ ಹತ್ತಿರ 5 ಡಾಲರಿನ ಒಂದು ನೋಟು, 1 ಡಾಲರಿನ ಒಂದು ನೋಟು. ಒಟ್ಟು 6. ಅವನು 5ರ ನೋಟು ಕೊಟ್ಟು ಸಾಮಾನು ತಗೋತಾನೆ. ವಾಪಸು ನಾಲ್ಕು ಬಿಡಿ ನೋಟು, 75 ಸೆಂಟ್ ನಾಣ್ಯ. ಈಗ ಜೇಬಲ್ಲಿ 5.75. ಇಲ್ಲಿವರೆಗೂ ವ್ಯಾಪಾರ ಸಾಚಾ.

ಈಗ ಶುರು. “ಅಯ್ಯೋ, ಬಿಡಿ ನೋಟೇ ಜಾಸ್ತಿ ಆಯ್ತು. ಐದು ಬಿಡಿ ನೋಟು ಕೊಡ್ತೀನಿ, ನನ್ನ ಐದರ ನೋಟು ವಾಪಸ್ ಕೊಟ್ಬಿಡ್ತೀರಾ?” ಆಕೆ ಗಲ್ಲಾ ತೆಗೆದು 5ರ ನೋಟನ್ನು ಮೊದಲು ಕೊಡ್ತಾಳೆ. ಇಡೀ ಆಟದ ಕೀಲಿ ಇದೊಂದೇ. ಈ ಗಳಿಗೆಯಲ್ಲಿ ಅವನ ಕೈಯಲ್ಲಿರೋದು 10.75, ಅದರಲ್ಲಿ 5 ಆಕೆಗೆ ಕೊಡಬೇಕಾದ ಸಾಲ.

ಅವನು ಐದು ಬಿಡಿ ನೋಟನ್ನು ಮೇಜಿನ ಮೇಲೆ ಇಡ್ತಾನೆ. ಆಕೆ ಎಣಿಸ್ತಾ ಇರುವಾಗಲೇ, ಇನ್ನೂ ಗಲ್ಲಾಕ್ಕೆ ಹಾಕಿಲ್ಲ, ಈಗಷ್ಟೇ ಇಸಕೊಂಡ 5ರ ನೋಟನ್ನೂ ಅದರ ಮೇಲೇ ಇಟ್ಟು, “ಬೇಡ ಬಿಡಿ, ಇದೂ ಐದು, ಅದೂ ಐದು, ಹತ್ತಾಯ್ತು. ಹತ್ತರ ನೋಟೇ ಕೊಡಿ” ಅಂತಾನೆ. ಆಕೆ ಎಣಿಸಿದರೆ ಹತ್ತು ಸರಿಯಾಗೇ ಇದೆ. ಹತ್ತರ ನೋಟು ಕೊಡ್ತಾಳೆ.

ಜೇಬು ನೋಡಿ: 10.75 ಇತ್ತು, 10 ಕೊಟ್ಟ, 75 ಸೆಂಟ್ ಉಳೀತು, 10 ಬಂತು. ಮತ್ತೆ 10.75. ಇರಬೇಕಾಗಿದ್ದು 5.75. ಐದು ಡಾಲರ್ ಲಾಭ.

ಮಧ್ಯೆ ಅವನು ಬಿಡದೆ ಮಾತಾಡ್ತಾನಲ್ಲ, ಅದು ಸುಮ್ಮನೆ ಅಲ್ಲ. ಮೊದಲ ವಿನಿಮಯ ಮುಗಿಯೋ ಮುಂಚೆ ಎರಡನೇದನ್ನು ಶುರು ಮಾಡಬೇಕು, ಎರಡೂ ಒಂದೇ ಅನ್ನೋ ಹಾಗೆ ಕಾಣಬೇಕು. ಅವಸರ ತೋರಿಸಿದರೆ ಕೆಡುತ್ತೆ. ಅವಸರ ಕಂಡ ಕೂಡಲೇ ಎದುರಿನವರು ನಿಧಾನ ಮಾಡ್ತಾರೆ. ಮೋಸೆಸ್ ಪಾತ್ರದ ರಯಾನ್ ಓನೀಲ್ ಅದನ್ನು ಚೆನ್ನಾಗಿ ಹಿಡಿದಿದ್ದಾರೆ. ಕೈ ಚುರುಕು, ಮುಖ ಸೋಮಾರಿ.

---

ಮ್ಯಾಟಿನಿ:

ಮೇಷ್ಟ್ರೇ, ಒಪ್ಪೋಕಾಗ್ತಿಲ್ಲ. ಮೇಜಿನ ಮೇಲೆ ಹತ್ತು ಡಾಲರ್ ಇತ್ತು, ಆಕೆ ಅದನ್ನು ತಗೊಂಡು ಹತ್ತು ಕೊಟ್ಟಳು. ಅಂಗಡಿಯವಳಿಗೆ ನಷ್ಟ ಎಲ್ಲಿಂದ ಬಂತು? ನನಗನಿಸೋದು ಅವನು ಎಣಿಸುವಾಗ ಒಂದು ನೋಟು ಮಡಚಿ ಕದೀತಾನೆ.

---

ಲೆಕ್ಕದ ಮೇಷ್ಟ್ರು:

ಕೈಚಳಕ ಇಲ್ಲವೇ ಇಲ್ಲ, ಅದೇ ಇದರ ಸೊಗಸು. ಒಂದು ನೋಟೂ ಮಾಯ ಆಗಲ್ಲ. ಜೇಬಿನ ಲೆಕ್ಕ ನಂಬಿಕೆ ಬರದಿದ್ದರೆ ಗಲ್ಲಾದ ಲೆಕ್ಕ ಮಾಡಿ.

ಬೆಳಿಗ್ಗೆ ಗಲ್ಲಾದಲ್ಲಿ 40 ಡಾಲರ್ ಇತ್ತು ಅನ್ನಿ. ಸಾಮಾನು ಮಾರಿದ ಮೇಲೆ 40.25. ಐದರ ನೋಟು ವಾಪಸ್ ಕೊಟ್ಟಾಗ 35.25. ಮೇಜಿನ ಮೇಲಿನ ಹತ್ತು ಒಳಗೆ ಬಂದಾಗ 45.25. ಹತ್ತರ ನೋಟು ಹೊರಗೆ ಹೋದಾಗ 35.25. ಸಂಜೆ ಇರಬೇಕಾದದ್ದು 40.25.

ಮೇಜಿನ ಮೇಲೆ ಇದ್ದ ಹತ್ತರಲ್ಲಿ ಮೇಲಿನ ಐದು ಆಕೆಯದೇ ಗಲ್ಲಾದಿಂದ ಈಗ ತಾನೇ ಬಂದದ್ದು. ಕೆಳಗಿನ ಐದು ಬಿಡಿ ನೋಟು ಆ ಐದರ ಸಾಲ ತೀರಿಸೋಕೆ ಇಟ್ಟದ್ದು. ಅಂದರೆ ಆ ಹತ್ತರಲ್ಲಿ ಐದು ಆಕೆಯದೇ. ತನ್ನದೇ ಐದನ್ನು ಅವಳು ಮತ್ತೆ ದುಡ್ಡು ಕೊಟ್ಟು ಕೊಂಡಳು. ಐದು ಬಿಡಿ ನೋಟು ಎರಡು ಸಲ ಲೆಕ್ಕಕ್ಕೆ ಬಂತು: ಒಂದು ಸಲ ಸಾಲಕ್ಕೆ, ಇನ್ನೊಂದು ಸಲ ಹತ್ತರ ಅರ್ಧಕ್ಕೆ.

ಕೊರತೆ ಗೊತ್ತಾಗೋದು ಸಂಜೆ ಗಲ್ಲಾ ಎಣಿಸಿದಾಗ. ಆಗ ಯಾವ ಗಿರಾಕಿ ಅಂತ ಹೇಳೋದು?

ತಪ್ಪಿಸೋ ದಾರಿಯೂ ಇಲ್ಲೇ ಇದೆ. ಯಾರಾದರೂ ನೋಟು ಬದಲಾಯಿಸಿ ಕೊಡಿ ಅಂದರೆ ಅವರ ದುಡ್ಡು ಮೊದಲು ಇಸಕೊಂಡು, ಎಣಿಸಿ, ಗಲ್ಲಾದೊಳಗೆ ಹಾಕಿ, ಆಮೇಲೆ ನಿಮ್ಮದು ಕೊಡಿ. ಮಧ್ಯೆ ಬೇರೆ ಮಾತು ಬಂದರೆ “ಇದು ಮುಗೀಲಿ ಸ್ವಾಮಿ” ಅನ್ನಿ. ಸಾಮಾನು ಮಾರುವಾಗ ಗಿರಾಕಿ ಕೊಟ್ಟ ನೋಟನ್ನು ಚಿಲ್ಲರೆ ಕೊಟ್ಟು ಮುಗಿಸೋವರೆಗೂ ಗಲ್ಲಾದ ಹೊರಗೇ, ಕಣ್ಣೆದುರಿಗೇ ಇಟ್ಟಿರಬೇಕು. ನಮ್ಮ ಬಸ್ ಕಂಡಕ್ಟರುಗಳು ಬಾಕಿ ಚಿಲ್ಲರೆಯನ್ನು ಟಿಕೆಟ್ ಹಿಂದೆ ಬರೆದುಕೊಡೋದೂ ಇದೇ ಜಾಣತನ. ಒಂದು ವ್ಯವಹಾರ ಬರಹದಲ್ಲಿ ಮುಗಿದು ಹೋಗುತ್ತೆ, ಇನ್ನೊಂದರ ಜೊತೆ ಕಲೆಯಲ್ಲ.

---

ಮ್ಯಾಟಿನಿ:

ಗಲ್ಲಾದ ಲೆಕ್ಕ ನೋಡಿದ ಮೇಲೆ ಹೊಳೀತು. ಟೋಪಿ ಬಿತ್ತು ನನಗೂ.

ಹೆಸರಲ್ಲೇ ‘ಮೋಸ’ ಇಟ್ಟುಕೊಂಡವನನ್ನು ಕನ್ನಡದವರು ಯಾರೂ ನಂಬ್ತಿರಲಿಲ್ಲ ಬಿಡಿ. ಅಡ್ಡಹೆಸರು ಬೇರೆ ಪ್ರಾರ್ಥನೆ!

---

ಮೂರನೇ ಬೆಲ್:

ಇಪ್ಪತ್ತರ ನೋಟಿನದು ನಾನು ಮುಗಿಸ್ತೀನಿ, ಆಮೇಲೆ ಕಳ್ಳಸಾರಾಯಿಗೆ ಬರ್ತೀನಿ.

ಮೊದಲು ದೊಡ್ಡವನು, ಅಂದರೆ ಮೋಸೆಸ್, ಬರ್ತಾನೆ. ಮೂಲೆಯಲ್ಲಿ ‘ಹುಟ್ಟುಹಬ್ಬದ ಶುಭಾಶಯ, ಹೆಲೆನ್ ಅತ್ತೆ’ ಅನ್ನೋ ಥರ ಬರೆದ 20ರ ನೋಟು ಕೊಟ್ಟು ಏನೋ ಸಣ್ಣದು ಕೊಂಡು, ನ್ಯಾಯವಾದ ಚಿಲ್ಲರೆ ಇಸಕೊಂಡು ಹೋಗ್ತಾನೆ. ಆಮೇಲೆ ಅವನ ಜೊತೆ ಸುತ್ತೋ ಮಗು ಆ್ಯಡಿ ಬರುತ್ತೆ, ಸಣ್ಣ ನೋಟು ಕೊಡುತ್ತೆ, ಚಿಲ್ಲರೆ ಕೈಗೆ ಬಂದಮೇಲೆ “ನಾನು ಕೊಟ್ಟಿದ್ದು ಇಪ್ಪತ್ತು” ಅಂತ ಅಳು. ಅತ್ತೆ ಬರೆದ ಅಕ್ಷರದ ಗುರುತು ಹೇಳುತ್ತೆ. ಗಲ್ಲಾ ತೆಗೆದರೆ ನೋಟು ಅಲ್ಲೇ ಇದೆ.

ಲಾಭದ ಲೆಕ್ಕ ಹೀಗೆ. ದೊಡ್ಡವನ 20 ನಷ್ಟ ಅಲ್ಲ, ಅವನಿಗೆ ಸಾಮಾನೂ ಚಿಲ್ಲರೆಯೂ ಬಂದಿದೆ. ಮಗು ಕೊಟ್ಟದ್ದು 5 ಆಗಿದ್ದರೆ ಲಾಭ 15, ಒಂದು ಡಾಲರ್ ಆಗಿದ್ದರೆ 19. ಅರ್ಧಟಿಕೆಟ್ ಅವರೇ, ನಿಮಗೆ ಗೊಂದಲ ಆಗಿರೋದು ಮೊದಲ 20ನ್ನೂ ಲಾಭಕ್ಕೆ ಸೇರಿಸಿದ್ದರಿಂದ ಇರಬೇಕು.

ನೋಟು ಮಗುವಿನದೇ ಅನ್ನೋದಕ್ಕೆ ಸಾಕ್ಷಿ ಇದೆ. ಅದು ಗಲ್ಲಾದೊಳಗೆ ಯಾವಾಗ ಬಂತು ಅನ್ನೋದಕ್ಕೆ ಇಲ್ಲ. ಆ ಪ್ರಶ್ನೆ ಯಾರಿಗೂ ಹೊಳೆಯದ ಹಾಗೆ ಮಾಡೋದು ಅಳು, ಮತ್ತೆ ಅಂಗಡಿಯಲ್ಲಿ ನಿಂತಿರೋ ಬೇರೆ ಗಿರಾಕಿಗಳು.

ನೋಟು 20ರದ್ದೇ ಯಾಕೆ? ಚಿಕ್ಕ ನೋಟಾದರೆ ಮುಂದಿನ ಗಿರಾಕಿಗೆ ಚಿಲ್ಲರೆಯಾಗಿ ಹೊರಟೇ ಹೋಗುತ್ತೆ. ದೊಡ್ಡ ನೋಟು ಚಿಲ್ಲರೆಯಾಗಿ ಹೊರಗೆ ಬರೋದು ಅಪರೂಪ, ಗಲ್ಲಾದ ತಳದಲ್ಲಿ ಕೂತಿರುತ್ತೆ. ಕೆಡೋದು ಸಮಯದಲ್ಲಿ. ಇಬ್ಬರ ಮಧ್ಯೆ ಅಂತರ ಕಡಿಮೆಯಾದರೆ ಅಂಗಡಿಯವರಿಗೆ ಮೊದಲನೆಯವನು ನೆನಪಿರ್ತಾನೆ, ಜಾಸ್ತಿಯಾದರೆ ಯಜಮಾನ ದೊಡ್ಡ ನೋಟುಗಳನ್ನೆಲ್ಲ ಒಳಗೆ ಎತ್ತಿಟ್ಟಿರ್ತಾನೆ. ಇಂಥ ತಕರಾರು ಬಂದಾಗ ನೋಟು ಹುಡುಕಬಾರದು. ಗಲ್ಲಾ ಎಣಿಸಬೇಕು, ಇಲ್ಲ ಹೆಸರು ವಿಳಾಸ ಬರೆದುಕೊಂಡು “ರಾತ್ರಿ ಲೆಕ್ಕ ಹೊಂದಿಸುವಾಗ ಜಾಸ್ತಿ ಬಂದರೆ ಕಳಿಸ್ತೀವಿ” ಅನ್ನಬೇಕು.

ಆ ಕಾಲಕ್ಕೆ ಇದು ಚಿಲ್ಲರೆ ಮೊತ್ತ ಅಲ್ಲ, ಚರ್ಚೆಯಲ್ಲಿ ಇದನ್ನು ಹೇಳಿ. ಅಮೆರಿಕದಲ್ಲಿ 1938ರಲ್ಲಿ ಮೊದಲ ಸಲ ದೇಶಕ್ಕೆಲ್ಲ ಕನಿಷ್ಠ ಕೂಲಿ ಗೊತ್ತು ಮಾಡಿದಾಗ ಅದು ಗಂಟೆಗೆ 25 ಸೆಂಟ್, ವಾರಕ್ಕೆ 44 ಗಂಟೆ. ವಾರಕ್ಕೆ 11 ಡಾಲರ್ ಆಯ್ತು. ಕತೆ ನಡೆಯೋದು ಅದಕ್ಕೂ ಮುಂಚೆ. ಆ್ಯಡಿ ಸಿನಿಮಾ ಉದ್ದಕ್ಕೂ ಹಟ ಹಿಡಿದು ಕೇಳೋ 200 ಡಾಲರ್, ಈ ಲೆಕ್ಕದಲ್ಲಿ 18 ವಾರದ ದುಡಿಮೆ. ಆ ಹಟ ತಮಾಷೆಯಾಗಿ ಕಾಣುತ್ತೆ, ಆದರೆ ಮೊತ್ತ ತಮಾಷೆಯದಲ್ಲ.

ಈಗ ಸಾರಾಯಿ. ನಿರ್ದೇಶಕರ ತಪ್ಪಲ್ಲ, ಸರಿಯಾಗಿಯೇ ಇದೆ. 1933ರಲ್ಲಿ ಹೋದದ್ದು ಇಡೀ ದೇಶದ ಪಾನನಿಷೇಧ. ಕಾನ್ಸಾಸ್ ರಾಜ್ಯಕ್ಕೆ ತನ್ನದೇ ನಿಷೇಧ ಇತ್ತು, 1881ರಿಂದಲೇ, ರಾಜ್ಯದ ಸಂವಿಧಾನದಲ್ಲೇ. ಅದು ಹೋದದ್ದು 1948ರಲ್ಲಿ. ಪಕ್ಕದ ಮಿಸೂರಿಯಲ್ಲಿ ಅಂಗಡಿಯಲ್ಲಿ ಸಿಗೋ ವಿಸ್ಕಿ ಕಾನ್ಸಾಸ್‌ನಲ್ಲಿ ಕಳ್ಳಮಾಲು. ಕಳ್ಳಮಾಲು ಆದ್ದರಿಂದಲೇ ಮೋಸೆಸ್‌ಗೆ ಧೈರ್ಯ. ಬಚ್ಚಿಟ್ಟ ಜಾಗದಿಂದ ಪೆಟ್ಟಿಗೆಗಳನ್ನು ಎತ್ತಿ, ಅದೇ ವ್ಯಾಪಾರಿಗೇ ಮಾರ್ತಾನೆ. ಮಾಲು ಕಳೆದುಕೊಂಡವನು ಪೊಲೀಸರಿಗೆ ದೂರು ಕೊಡೋ ಹಾಗಿಲ್ಲ. ಅಷ್ಟು ಯೋಚಿಸಿದವನಿಗೆ ಗೊತ್ತಿಲ್ಲದ್ದು ಒಂದೇ, ವ್ಯಾಪಾರಿಯ ಅಣ್ಣತಮ್ಮನೇ ಅಲ್ಲಿಯ ಪೊಲೀಸು. ಎರಡೂ ಪಾತ್ರ ಜಾನ್ ಹಿಲರ್‌ಮನ್ ಅವರದೇ. ಮೊದಲ ಸಲ ನೋಡುವವರು ಎಷ್ಟೋ ಜನ ಗಮನಿಸಲ್ಲ, ಚರ್ಚೆ ಶುರು ಮಾಡೋಕೆ ಒಳ್ಳೇ ಪ್ರಶ್ನೆ.

ಗಡಿ ದಾಟಿ ಮಿಸೂರಿಗೆ ಹೋದರೆ ಬಚಾವು ಅನ್ನೋದೂ ಇದಕ್ಕೇ. ಸೇಂಟ್ ಜೋಸೆಫ್ ಊರು ಮಿಸೂರಿ ನದಿಯ ಆಚೆ ದಡ, ಬೇರೆ ರಾಜ್ಯ. ಕಾನ್ಸಾಸ್ ಪೊಲೀಸು ಅಲ್ಲಿ ದಸ್ತಗಿರಿ ಮಾಡೋ ಹಾಗಿಲ್ಲ. ಮಾಡೋದೂ ಇಲ್ಲ, ಹೊಡೆದು ದುಡ್ಡು ಕಿತ್ತುಕೊಂಡು ಹೋಗ್ತಾನೆ.

---

ಕೆಂಪುಗಾಜು:

ಆಕಾಶದ ವಿಷಯ. ಕೆಂಪು ಫಿಲ್ಟರ್ ಹೌದು. ಛಾಯಾಗ್ರಾಹಕ ಲಾಸ್ಲೊ ಕೋವಾಚ್. ಕೆಂಪು ಫಿಲ್ಟರ್ ಹಾಕು ಅನ್ನೋ ಸಲಹೆ ಹಿರಿಯ ನಿರ್ದೇಶಕ ಆರ್ಸನ್ ವೆಲ್ಸ್ ಕೊಟ್ಟದ್ದು ಅಂತ ಬಾಗ್ಡನೋವಿಚ್ ಹೇಳಿಕೊಂಡಿದ್ದಾರೆ. ಆದರೆ ಫಿಲ್ಟರ್ ಅರ್ಧ ಮಾತ್ರ. ಇನ್ನರ್ಧ ಹತ್ತಿರದ್ದೂ ದೂರದ್ದೂ ಒಂದೇ ಸಲ ಚೂಪಾಗಿ ಕಾಣೋದು. ಮುಖ ಇಲ್ಲಿ, ಅದರ ಹಿಂದೆ ಮೈಲುಗಟ್ಟಲೆ ಖಾಲಿ ಬಯಲು, ಎರಡೂ ಸ್ಪಷ್ಟ. ಕತೆಯ ಒಂಟಿತನ ಬರೋದು ಅಲ್ಲಿಂದ.

ಕೆಂಪು ಗಾಜು ನೀಲಿಯನ್ನು ತಡೆಯುತ್ತೆ, ನೀಲಿ ಆಕಾಶ ಕಪ್ಪಾಗುತ್ತೆ. ಮೋಡದಲ್ಲಿ ಎಲ್ಲ ಬಣ್ಣವೂ ಇರೋದರಿಂದ ಅದು ಬೆಳ್ಳಗೇ ಉಳಿಯುತ್ತೆ. ಒಣಗಿದ ಗೋಧಿ ಹೊಲ ಹೊಳೆಯುತ್ತೆ, ಹಸಿರು ಹುಲ್ಲು ಕಪ್ಪಾಗುತ್ತೆ.

ಬೆಳಕಿನ ಬೆಲೆ: ಸಾಮಾನ್ಯವಾಗಿ ಬಳಸೋ 25ನೇ ನಂಬರಿನ ಕೆಂಪು 3 ಸ್ಟಾಪ್ ತಿನ್ನುತ್ತೆ (ಒಂದು ಸ್ಟಾಪ್ ಹೋದರೆ ಬೆಳಕು ಅರ್ಧ), ಅಂದರೆ ಎಂಟು ಪಟ್ಟು ಬೆಳಕು ಬೇಕು. 29ನೇ ನಂಬರಿನ ಗಾಢ ಕೆಂಪು 4 ಸ್ಟಾಪ್. 8ನೇ ನಂಬರಿನ ಹಳದಿ ಬರೀ 1 ಸ್ಟಾಪ್, ಪರಿಣಾಮವೂ ಅಷ್ಟೇ ಸೌಮ್ಯ.

ಇಷ್ಟು ಬೆಳಕು ಕಳೆದುಕೊಂಡೂ ಆಳದ ಫೋಕಸ್ ಹೇಗೆ ಸಾಧ್ಯ? ಲೆಕ್ಕ ಹಾಕಿ. ಒಂದು ಉದಾಹರಣೆಗೆ 250 ವೇಗದ ಫಿಲಂ ಅನ್ನಿ. ಬಟ್ಟಬಿಸಿಲಲ್ಲಿ 1/250 ಸೆಕೆಂಡಿಗೆ ಎಫ್ 16 (ಎಫ್ ಅಂದರೆ ಲೆನ್ಸಿನ ಕಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಂಡಿ ಚಿಕ್ಕದು, ಫೋಕಸ್ ಆಳ). ಸಿನಿಮಾ ಕ್ಯಾಮೆರಾದ ಷಟರ್ ಸುಮಾರು 1/50, ಅಂದರೆ ಎರಡೂಕಾಲು ಸ್ಟಾಪ್‌ಗಿಂತ ಸ್ವಲ್ಪ ಜಾಸ್ತಿ ಬೆಳಕು ಕೈಯಲ್ಲಿದೆ, ಎಫ್ 32 ದಾಟುತ್ತೆ. ಅದರಿಂದ ಫಿಲ್ಟರಿನ 3 ಸ್ಟಾಪ್ ಕಳೆದರೆ ಎಫ್ 11 ಮತ್ತು 16ರ ಮಧ್ಯೆ ನಿಲ್ಲುತ್ತೆ. ಬಿಸಿಲಿನ ಹೊರಾಂಗಣಕ್ಕೆ ಫಿಲ್ಟರ್ ಶತ್ರು ಅಲ್ಲ, ಹೆಚ್ಚಿನ ಬೆಳಕನ್ನು ಅದೇ ಕುಡಿದುಬಿಡುತ್ತೆ. ಒಳಾಂಗಣದಲ್ಲಿ ಫಿಲ್ಟರ್ ತೆಗೆದಿಟ್ಟು, ಅದೇ ಎಫ್ ನಂಬರಿಗಾಗಿ ದೀಪ ಸುರಿಯಬೇಕು.

35 ಎಂಎಂ ಫಿಲಂಗೆ 25 ಎಂಎಂ ಲೆನ್ಸ್, ಎಫ್ 11 ಇಟ್ಟು ಫೋಕಸ್ ಸುಮಾರು 2.3 ಮೀಟರಿಗೆ ಹಾಕಿದರೆ 1.15 ಮೀಟರಿನಿಂದ ದಿಗಂತದವರೆಗೆ ಎಲ್ಲ ಚೂಪು. ಅದೇ 50 ಎಂಎಂ ಲೆನ್ಸ್ ಆದರೆ 9 ಮೀಟರಿಗೆ ಹಾಕಬೇಕು, ಹತ್ತಿರದ ಗಡಿ 4.5 ಮೀಟರ್. ಕಾರಿನ ಮುಂದಿನ ಸೀಟಿನವರನ್ನೂ ಹಿಂದಿನ ರಸ್ತೆಯನ್ನೂ ಒಟ್ಟಿಗೆ ಹಿಡಿಯೋಕೆ ಅಗಲ ಲೆನ್ಸೇ ಬೇಕು.

ಕೆಡೋ ಜಾಗಗಳು, ಹುಡುಗರಿಗೆ ಇದನ್ನು ಓದಿಸಿ:

ಮೋಡ ಮುಸುಕಿದ ಬೂದು ಆಕಾಶಕ್ಕೆ ಕೆಂಪು ಫಿಲ್ಟರ್ ಏನೂ ಮಾಡಲ್ಲ, ನೀಲಿಯೇ ಇಲ್ಲದಿದ್ದರೆ ತಡೆಯೋದು ಏನನ್ನ? ಧೂಳು, ಮಂಜಿನ ದಿಗಂತವೂ ಬಿಳಿಚಿಕೊಂಡೇ ಇರುತ್ತೆ. ಸೂರ್ಯ ನಿಮ್ಮ ಪಕ್ಕಕ್ಕಿದ್ದಾಗ ಆಕಾಶ ಹೆಚ್ಚು ಕಪ್ಪು, ಸೂರ್ಯನ ಕಡೆಗೇ ತಿರುಗಿದರೆ ಇಲ್ಲ. ಕರ್ನಾಟಕದಲ್ಲಿ ಈ ಥರದ ಚಿತ್ರ ಬೇಕಿದ್ದರೆ ಮಲೆನಾಡು ಬೇಡ. ಮಳೆಗಾಲ ಕಳೆದಮೇಲೆ ಚಿತ್ರದುರ್ಗ, ಬಳ್ಳಾರಿ ಕಡೆಯ ಬಯಲಿಗೆ ಹೋಗಲಿ, ಅಲ್ಲಿ ಆಕಾಶವೂ ಇದೆ, ಖಾಲಿ ದಿಗಂತವೂ ಇದೆ.

ಮುಖ ಇನ್ನೊಂದು ತಲೆನೋವು. ಕೆಂಪು ಫಿಲ್ಟರಿನಲ್ಲಿ ತುಟಿಯ ಕೆಂಪು ಮಾಯ ಆಗಿ ಚರ್ಮದಲ್ಲೇ ಕರಗುತ್ತೆ, ಕೆನ್ನೆ ಸುಣ್ಣದ ಹಾಗಾಗುತ್ತೆ. ಕೆಂಪು ಲಿಪ್‌ಸ್ಟಿಕ್ ಹಚ್ಚಿದರೆ ಪ್ರಯೋಜನ ಇಲ್ಲ, ಕಂದು ಕಡೆಗಿನ ಗಾಢ ಬಣ್ಣ ಬೇಕು. ಕುಂಕುಮವೂ ಹೀಗೇ ಅಳಿಸಿಹೋಗುತ್ತೆ, ಹಣೆಗೆ ಕಪ್ಪು ಬೊಟ್ಟು ಇಡಿ. ನೆರಳಿಗೆ ಬೀಳೋದು ಆಕಾಶದ ನೀಲಿ ಬೆಳಕು. ಅದನ್ನೂ ಫಿಲ್ಟರ್ ತಡೆಯೋದರಿಂದ ಹ್ಯಾಟಿನ ಕೆಳಗಿನ ಕಣ್ಣು ಗುಂಡಿಯ ಹಾಗೆ ಕಾಣುತ್ತೆ. ಬಿಳಿ ಥರ್ಮಾಕೋಲ್ ಹಲಗೆಯಿಂದ ಬಿಸಿಲನ್ನು ಮುಖಕ್ಕೆ ತಿರುಗಿಸಿ.

---

ಅರ್ಧಟಿಕೆಟ್:

ಇಷ್ಟೊಂದು ಸಿಗುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ನಮಸ್ಕಾರ. ಕೆಂಪುಗಾಜು ಅವರೇ, ಹುಡುಗರ ಹತ್ತಿರ ಇರೋದು ಮಾಮೂಲಿ ಡಿಜಿಟಲ್ ಕ್ಯಾಮೆರಾ, ಫಿಲಂ ಅಲ್ಲ. ಅದಕ್ಕೂ ಕೆಂಪು ಫಿಲ್ಟರ್ ಕೊಳ್ಳಬೇಕಾ?

ಇನ್ನೊಂದು, ಇದರ ಮೂಲ ಕಾದಂಬರಿ ಇದೆಯಂತೆ. ಸಿನಿಮಾ ಹಾಗೇ ಇದೆಯಾ? ಬೈಬಲ್ ಮಾರೋ ಆಟ ಅದರಲ್ಲೂ ಇದೆಯಾ?

---

ಕೆಂಪುಗಾಜು:

ಕೊಳ್ಳಬೇಡಿ. ಬಣ್ಣದ ಸೆನ್ಸರಿನಲ್ಲಿ ನಾಲ್ಕು ಚುಕ್ಕಿಗೆ ಒಂದು ಮಾತ್ರ ಕೆಂಪಿನದು. ಕೆಂಪು ಗಾಜು ಹಾಕಿದರೆ ಉಳಿದ ಮೂರು ಹೆಚ್ಚುಕಡಿಮೆ ಕುರುಡಾಗ್ತವೆ. ಚಿತ್ರದ ಸೂಕ್ಷ್ಮ ಹೋಗಿ ಬರೀ ಕಾಳು ಕಾಳು. ಬಣ್ಣದಲ್ಲೇ ತೆಗೆದು, ಸಂಕಲನದಲ್ಲಿ ಚಾನೆಲ್ ಮಿಕ್ಸರಿನಿಂದ (ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಬೇಕು ಅಂತ ಬೆರೆಸೋ ಸೌಲಭ್ಯ) ಕಪ್ಪುಬಿಳುಪು ಮಾಡಿ. ಕೆಂಪು ಪೂರ್ತಿ, ಹಸಿರು ಸ್ವಲ್ಪ, ನೀಲಿ ಸೊನ್ನೆಯಿಂದ ಶುರು ಮಾಡಿ ನೋಡಿ. ನೀಲಿಯನ್ನು ತೀರಾ ಸೊನ್ನೆಯಿಂದ ಕೆಳಗೆ ಎಳೆದರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಬರುತ್ತೆ, ಮರದ ಅಂಚಿಗೆ ಬಿಳಿ ಗೆರೆ ಕಟ್ಟುತ್ತೆ. 10 ಬಿಟ್ ರೆಕಾರ್ಡಿಂಗ್ ಇದ್ದರೆ ಅದನ್ನೇ ಬಳಸಲಿ. ತೆಗೆಯುವಾಗ ಆಕಾಶ ಸುಟ್ಟು ಬಿಳಿಯಾಗಬಾರದು, ಅಲ್ಲಿ ನೀಲಿಯೇ ದಾಖಲಾಗದಿದ್ದರೆ ಆಮೇಲೆ ಯಾವ ಮಿಕ್ಸರೂ ತರಲ್ಲ.

ನಿಮ್ಮ ಪ್ರದರ್ಶನಕ್ಕೂ ಒಂದು ಮಾತು. ಪ್ರೊಜೆಕ್ಟರಿನಲ್ಲಿ ‘ವಿವಿಡ್’ ತೆಗೆದು ‘ಸಿನಿಮಾ’ಗೆ ಹಾಕಿ, ಚಲನೆ ನಯ ಮಾಡೋ ಸೌಲಭ್ಯ ಆರಿಸಿ. ಬಣ್ಣದ ಸಿನಿಮಾದಲ್ಲಿ ಗೊತ್ತಾಗದ ಹಸಿರು, ನೀಲಿ ಛಾಯೆ ಕಪ್ಪುಬಿಳುಪಿನಲ್ಲಿ ಕಣ್ಣಿಗೆ ಹೊಡೆಯುತ್ತೆ, ಅದಕ್ಕೆ ಮೊದಲೇ ಐದು ನಿಮಿಷ ಹಾಕಿ ನೋಡಿ. ಚಿತ್ರದ ಅಳತೆ 1.85ಕ್ಕೆ 1. ಮೇಲೆ ಕೆಳಗೆ ಸಣ್ಣ ಕಪ್ಪು ಪಟ್ಟಿ ಬರೋದು ಸರಿ, ಎಳೆದು ತುಂಬಿಸಬೇಡಿ. ಕಿಟಕಿಗೆ ದಪ್ಪ ಪರದೆ ಇಲ್ಲದ ಹಾಲ್ ಆದರೆ ಸಂಜೆ ಏಳರ ನಂತರ ಹಾಕಿ. ಬೆಳಕು ನುಗ್ಗಿದರೆ ಆ ಕಪ್ಪು ಆಕಾಶ ಬೂದಿ ಬಣ್ಣಕ್ಕೆ ಇಳಿಯುತ್ತೆ.

---

ಮೂರನೇ ಬೆಲ್:

ಕಾದಂಬರಿ ‘ಆ್ಯಡಿ ಪ್ರೇ’, ಜೋ ಡೇವಿಡ್ ಬ್ರೌನ್ ಬರೆದದ್ದು, 1971. ಚಿತ್ರಕತೆ ಆಲ್ವಿನ್ ಸಾರ್ಜೆಂಟ್. ಕಾದಂಬರಿ ನಡೆಯೋದು ದಕ್ಷಿಣದ ಅಲಬಾಮಾ ಕಡೆ, ಕತೆ ಹೇಳೋದು ಆ್ಯಡಿಯೇ. ಸಿನಿಮಾ ಅದನ್ನು ಕಾನ್ಸಾಸ್‌ಗೆ ತಂತು, ಆ್ಯಡಿಯ ನಿರೂಪಣೆ ತೆಗೆದುಹಾಕಿತು. ಕಾದಂಬರಿಯ ಉತ್ತರಾರ್ಧದಲ್ಲಿ ಅವರು ದೊಡ್ಡ ಮನೆತನದ ಆಸ್ತಿಗೇ ಕೈ ಹಾಕ್ತಾರೆ, ಸಿನಿಮಾ ಅದನ್ನು ಮುಟ್ಟಿಲ್ಲ. ಒಳ್ಳೇದೇ ಆಯ್ತು. ಮೊತ್ತ ದೊಡ್ಡದಾದಷ್ಟೂ ಇವರ ಮೇಲಿನ ಅಕ್ಕರೆ ಕಡಿಮೆ ಆಗ್ತಿತ್ತು.

ಬೈಬಲ್ ಆಟ ಎರಡರಲ್ಲೂ ಇದೆ. ಪತ್ರಿಕೆಯ ನಿಧನ ಸುದ್ದಿ ನೋಡಿ ವಿಧವೆಯ ಹೆಸರು ತಿಳ್ಕೊಳ್ಳೋದು, ಬೈಬಲ್ ಮೇಲೆ ಆ ಹೆಸರನ್ನು ಚಿನ್ನದ ಅಕ್ಷರದಲ್ಲಿ ಒತ್ತೋದು, ಬಾಗಿಲಿಗೆ ಹೋಗಿ ಗಂಡನನ್ನು ಕೇಳೋದು. “ತೀರಿಕೊಂಡರಾ? ನಿಮಗೆ ಅಂತಲೇ ಇದನ್ನು ಹೇಳಿ ಮಾಡಿಸಿದ್ದರು, ಮುಂಗಡ ಕೊಟ್ಟಿದ್ದಾರೆ, ಬಾಕಿ ಇಷ್ಟು.” ಇದರಲ್ಲಿ ಗಟ್ಟಿ ಇರೋದು ಮೂರು ಕಡೆ. ಸತ್ಯ ಹೇಳಬಲ್ಲ ಒಬ್ಬನೇ ಮನುಷ್ಯ ಸತ್ತಿದ್ದಾನೆ. ಹೆಸರು ಒತ್ತಿದ ಪುಸ್ತಕವನ್ನು ಬೇರೆಯವರಿಗೆ ಮಾರೋಕಾಗಲ್ಲ, ಹಾಗಾಗಿ ಅದೇ ಸಾಕ್ಷಿಯ ಹಾಗೆ ಕಾಣುತ್ತೆ. ಮುಂಗಡ ಕೊಟ್ಟಿದ್ದಾರೆ ಅನ್ನೋ ಮಾತು ಇಡೀ ಬೆಲೆ ಕೇಳೋದಕ್ಕಿಂತ ನಂಬಿಕೆ ಹುಟ್ಟಿಸುತ್ತೆ.

ಮೋಸೆಸ್ ಎಲ್ಲರಿಗೂ ಒಂದೇ ಬೆಲೆ ಹೇಳ್ತಿದ್ದ, ಅವನ ದೌರ್ಬಲ್ಯ ಅದು. ಆ್ಯಡಿ ಮನೆ ನೋಡ್ತಾಳೆ, ಮೈಮೇಲಿನ ಒಡವೆ ನೋಡ್ತಾಳೆ, ಬಾಗಿಲಲ್ಲೇ ಬೆಲೆ ಏರಿಸ್ತಾಳೆ. ಮಕ್ಕಳಿರೋ ಬಡವಿ ಕಂಡರೆ ದುಡ್ಡು ಆಗಲೇ ಬಂದಿದೆ ಅಂತ ಪುಸ್ತಕ ಕೊಟ್ಟೇ ಬಿಡ್ತಾಳೆ. ವ್ಯಾಪಾರದ ಬುದ್ಧಿ ಒಂಬತ್ತು ವರ್ಷದವಳದ್ದು. ಕೋಟು ಹಾಕಿದ ಗಂಡಸು ಅವಳ ಮುಂದೆ ಬರೀ ಸೇಲ್ಸ್‌ಮನ್. ಗೆದ್ದ ದುಡ್ಡು ಕೊನೆಗೆ ಅಡಗಿಕೊಳ್ಳೋದೂ ಅವಳ ಹ್ಯಾಟಿನಲ್ಲೇ, ಅಕ್ಷರಶಃ ಟೋಪಿ.

ಹೆಸರಿನ ಕತೆ ಗೊತ್ತಿರಲಿ, ಖಂಡಿತ ಕೇಳ್ತಾರೆ. ‘ಇಟ್ಸ್ ಓನ್ಲಿ ಎ ಪೇಪರ್ ಮೂನ್’ 1933ರ ಹಾಡು, ಸಂಗೀತ ಹೆರಾಲ್ಡ್ ಆರ್ಲನ್. ಬಾಗ್ಡನೋವಿಚ್‌ಗೆ ಆ ಹೆಸರು ಹಿಡಿಸಿತು, ಆಮೇಲೆ ಹೆಸರಿಗೆ ಹೊಂದಲಿ ಅಂತ ಜಾತ್ರೆಯಲ್ಲಿ ರಟ್ಟಿನ ಚಂದ್ರನ ಮೇಲೆ ಕೂತು ಫೋಟೋ ತೆಗೆಸಿಕೊಳ್ಳೋ ದೃಶ್ಯ ಸೇರಿಸಿದರು. ಸಿನಿಮಾದಲ್ಲಿ ಆ್ಯಡಿ ಆ ಚಂದ್ರನ ಮೇಲೆ ಒಬ್ಬಳೇ ಕೂರ್ತಾಳೆ, ಮೋಸೆಸ್ ಆಗ ಜಾತ್ರೆಯಲ್ಲಿ ಕುಣಿಯೋ ಟ್ರಿಕ್ಸಿಯ ಹಿಂದೆ ಬಿದ್ದಿರ್ತಾನೆ. ಪೋಸ್ಟರಿನಲ್ಲಿ ಮಾತ್ರ ಇಬ್ಬರೂ ಜೊತೆಗೆ ಕೂತಿದ್ದಾರೆ. ಸಿನಿಮಾದಲ್ಲಿ ಇಲ್ಲದ ಚಿತ್ರ ತೋರಿಸಿ ಟಿಕೆಟ್ ಮಾರಿದ್ದಾರೆ!

---

ಮ್ಯಾಟಿನಿ:

ರಸ್ತೆಯ ಜಗಳದ ದೃಶ್ಯ ಯಾರೂ ಹೇಳಲಿಲ್ಲ. ಕಾರು ಓಡ್ತಿರುವಾಗ ಇಬ್ಬರೂ ದುಡ್ಡಿನ ಬಗ್ಗೆ ಕಿತ್ತಾಡ್ತಾರಲ್ಲ, ಕಟ್ ಇಲ್ಲದ ಉದ್ದನೆಯ ಶಾಟ್. ಹತ್ತಾರು ಟೇಕ್ ಆಗಿತ್ತಂತೆ. ಮಾತು ತಪ್ಪಿದ ಪ್ರತಿ ಸಲವೂ ಗಾಡಿಯನ್ನು ಹಿಂದೆ ತಿರುಗಿಸಿ ಮೊದಲ ಜಾಗಕ್ಕೆ ತರಬೇಕು, ಅಷ್ಟರಲ್ಲಿ ಬಿಸಿಲೂ ಸರಿದಿರುತ್ತೆ. ಅಂಥ ಶಾಟಿನಲ್ಲಿ ನಟನೆ ಮೊದಲು ಮಾಡದ ಮಗು, ಪಕ್ಕದಲ್ಲಿ ಸ್ವಂತ ಅಪ್ಪ.

ಆ್ಯಡಿ ಪಾತ್ರದ ಟೇಟಮ್ ಓನೀಲ್‌ಗೆ 1974ರ ಏಪ್ರಿಲ್‌ನಲ್ಲಿ ಪೋಷಕ ನಟಿ ಆಸ್ಕರ್ ಬಂದಾಗ ವಯಸ್ಸು 10. ಸ್ಪರ್ಧೆಯ ವಿಭಾಗದಲ್ಲಿ ಗೆದ್ದವರಲ್ಲಿ ಈಗಲೂ ಅವರೇ ಎಲ್ಲರಿಗಿಂತ ಚಿಕ್ಕವರು. ಹೆಚ್ಚುಕಡಿಮೆ ಪ್ರತಿ ದೃಶ್ಯದಲ್ಲೂ ಇರುವ ಪಾತ್ರ ‘ಪೋಷಕ’ ಹೇಗಾಯ್ತೋ! ಅದೇ ವಿಭಾಗದಲ್ಲಿ ಟ್ರಿಕ್ಸಿ ಮಾಡಿದ ಮ್ಯಾಡಲಿನ್ ಕಾನ್ ಕೂಡ ನಾಮನಿರ್ದೇಶನ ಆಗಿದ್ದರು. ಗುಡ್ಡದ ಇಳಿಜಾರಿನಲ್ಲಿ ಆ್ಯಡಿಯನ್ನು ಓಲೈಸೋಕೆ ಏರಿ ಬಂದು, ಮಾತು ಮುಗಿಯೋ ಹೊತ್ತಿಗೆ ತನ್ನ ಬದುಕನ್ನೇ ಒಪ್ಪಿಸಿಬಿಡೋ ಆ ದೃಶ್ಯ ಒಂದಕ್ಕೇ ಕೊಡಬಹುದಿತ್ತು ಅಂತ ನನ್ನ ತಕರಾರು.

---

ಅರ್ಧಟಿಕೆಟ್:

ಮಕ್ಕಳನ್ನು ಕರೆದುಕೊಂಡು ಬರಬಹುದಾ ಅಂತ ಇಬ್ಬರು ಕೇಳಿದ್ದಾರೆ.

---

ಮೂರನೇ ಬೆಲ್:

ಹತ್ತು ಹನ್ನೆರಡು ದಾಟಿದವರು ಬರಲಿ. ಆ್ಯಡಿ ಸಿಗರೇಟು ಸೇದ್ತಾಳೆ, ಬೈಗುಳ ಇದೆ, ಟ್ರಿಕ್ಸಿಯ ಕಸುಬಿನ ಸುಳಿವೂ ಇದೆ. ಟ್ರಿಕ್ಸಿಯ ಮನೆಗೆಲಸದ ಹುಡುಗಿ ಇಮೊಜಿನ್‌ಗೆ ಸಂಬಳ ಸಿಗಲ್ಲ, ಊರಿಗೆ ಹೋಗೋಕೂ ಕಾಸಿಲ್ಲ. ಆ ಕಾಲದ ಕರಿಯರ ಸ್ಥಿತಿ ಬಗ್ಗೆ ಮೊದಲೇ ಎರಡು ಮಾತು ಹೇಳಿದರೆ ನಗು ತಪ್ಪು ಜಾಗದಲ್ಲಿ ಬರಲ್ಲ. ಒಟ್ಟು 102 ನಿಮಿಷ, ಮಧ್ಯಂತರ ಬೇಕೇಬೇಕು ಅಂದರೆ ಇಬ್ಬರೂ ಟ್ರಿಕ್ಸಿಯನ್ನು ಹೋಟೆಲಿನಲ್ಲೇ ಬಿಟ್ಟು ಹೊರಡೋ ಕಡೆ ನಿಲ್ಲಿಸಿ.

---

ಲೆಕ್ಕದ ಮೇಷ್ಟ್ರು:

ಚರ್ಚೆಯಲ್ಲಿ ಚಿಲ್ಲರೆ ಆಟವನ್ನು ನಿಜವಾದ ನೋಟಿನಲ್ಲೇ ಮಾಡಿ ತೋರಿಸಿ. 500ರ ಒಂದು, ನೂರರ ಒಂದು ನಿಮ್ಮ ಕೈಯಲ್ಲಿ, ಗಲ್ಲಾದವರ ಕೈಯಲ್ಲಿ ನೂರರ ಏಳೆಂಟು, ಐವತ್ತರ ಒಂದೆರಡು, 500ರ ಎರಡು. ಸಾವಿರದ ನೋಟು ಈಗ ಇಲ್ಲದ್ದರಿಂದ ಕೊನೆಗೆ “ಸಾವಿರ ಕೊಡಿ” ಅನ್ನುವಾಗ 500ರ ಎರಡು ಇಸಕೊಳ್ಳಿ. ಸಾಮಾನಿನ ಬೆಲೆ 50 ಇಡಿ. ಶುರುವಿಗೆ ಮುಂಚೆ ಎರಡೂ ಕಡೆ ಎಷ್ಟಿತ್ತು ಅಂತ ಬೋರ್ಡಿನ ಮೇಲೆ ಬರೆದಿಡಿ. ಇಲ್ಲದಿದ್ದರೆ ಮುಗಿದ ಮೇಲೆ ಯಾರ 500 ಹೋಯ್ತು ಅನ್ನೋದೇ ಜಗಳ ಆಗುತ್ತೆ.